ಯಾವುದಕ್ಕಾಗಿ ಸಂಶೋಧನೆ? ನಿಮ್ಮ ಪ್ರೇರಣೆ, ಮೌಲ್ಯಗಳನ್ನು ಗುರುತಿಸಿ ಕೆಲಸಕ್ಕೆ ಹೊಂದಿಸಿಕೊಳ್ಳುವ ಕ್ರಮ

ಸಂಶೋಧನೆಗೆ ಯಾಕೆ ಬಂದಿರಿ ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಕುತೂಹಲ, ಜ್ಞಾನದ ಮೇಲಿನ ಪ್ರೀತಿ, ಸಮಾಜಕ್ಕೆ ಏನಾದರೂ ಕೊಡಬೇಕೆಂಬ ಆಸೆ. ಇದು ಸುಳ್ಳೇನೂ ಅಲ್ಲ. ಆದರೆ ಅರ್ಜಿಗಳಲ್ಲಿ, ಸಂದರ್ಶನಗಳಲ್ಲಿ ಹೇಳಿ ಹೇಳಿ ಆ ಮಾತು ಸವೆದುಹೋಗಿರುತ್ತದೆ. ವಿಷಯ ಆರಿಸುವಾಗ, ಗೈಡ್ ಯಾರಾಗಬೇಕೆಂದು ಯೋಚಿಸುವಾಗ, ಲೇಖಕರ ಪಟ್ಟಿಯಲ್ಲಿ ಹೆಸರು ಎಲ್ಲಿ ಬರಬೇಕೆಂದು ಮಾತಾಡುವಾಗ, ಎರಡು ವರ್ಷ ಹಿಡಿದ ಪ್ರಾಜೆಕ್ಟನ್ನು ಕೈಬಿಡಬೇಕೋ ಬೇಡವೋ ಎಂದು ತೂಗುವಾಗ ಆ ಉತ್ತರ ನೆರವಿಗೆ ಬರುವುದಿಲ್ಲ. ಆಗ ಎರಡು ಸಂಗತಿ ಗೊತ್ತಿರಬೇಕು: ನಿಮ್ಮನ್ನು ನಿಜಕ್ಕೂ ಯಾವುದು ಎಳೆಯುತ್ತಿದೆ, ಆ ಸೆಳೆತ ನಿಮ್ಮನ್ನು ಎಲ್ಲಿ ದಾರಿ ತಪ್ಪಿಸಬಹುದು. ಮೊದಲನೆಯದಕ್ಕೆ ಉತ್ತರ ನಿಮ್ಮ ಕೆಲಸದ ದಾಖಲೆಯಲ್ಲೇ ಇದೆ. ಎರಡನೆಯದರ ಬಗ್ಗೆ ವಿಜ್ಞಾನದ ಸಮಾಜಶಾಸ್ತ್ರಜ್ಞರೂ ಮನೋವಿಜ್ಞಾನಿಗಳೂ ದಶಕಗಳಿಂದ ಅಧ್ಯಯನ ಮಾಡಿದ್ದಾರೆ.

ಕೆಳಗಿನ ಕ್ರಮಕ್ಕೆ ಮೂರು ವಾರ ಬೇಕು. ಅದರಲ್ಲಿ ಕೂತು ಮಾಡುವ ಕೆಲಸ ಐದಾರು ಗಂಟೆಯಷ್ಟೇ. ಉಳಿದದ್ದು ಗಮನಿಸಿ ಬರೆದಿಡುವ ಕೆಲಸ.

ಮೊದಲು ಒಂದು ವ್ಯತ್ಯಾಸ

ಪ್ರೇರಣೆ ಎಂದರೆ ನಿಮ್ಮನ್ನು ಕೆಲಸಕ್ಕೆ ಕೂರಿಸುವುದು. ಮೌಲ್ಯ ಎಂದರೆ ಎರಡು ಒಳ್ಳೆಯ ಸಂಗತಿಗಳ ನಡುವೆ ಘರ್ಷಣೆಯಾದಾಗ ನೀವು ಬಿಟ್ಟುಕೊಡದೆ ಉಳಿಸಿಕೊಳ್ಳುವುದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ಕಲಸಿಹೋಗುತ್ತದೆ.

ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಅಣುಬಾಂಬ್ ಯೋಜನೆಯಲ್ಲಿ ದುಡಿಯುತ್ತಿದ್ದರು. ಹಿಟ್ಲರನ ಕೈಗೆ ಬಾಂಬ್ ಮೊದಲು ಸಿಕ್ಕೀತೆಂಬ ಭಯವೇ ಅವರನ್ನು ಅಲ್ಲಿಗೆ ಕರೆತಂದದ್ದು. ಜರ್ಮನಿ ಬಾಂಬ್ ಮಾಡುತ್ತಿಲ್ಲವೆಂದು ತಿಳಿದಾಗ, 1944ರ ಕೊನೆಯಲ್ಲಿ, ಅವರು ಯೋಜನೆ ಬಿಟ್ಟು ಹೊರನಡೆದರು. ಭೌತವಿಜ್ಞಾನದ ಮೇಲಿನ ಆಸಕ್ತಿ ಹಿಂದಿನ ದಿನ ಎಷ್ಟಿತ್ತೋ ಮರುದಿನವೂ ಅಷ್ಟೇ ಇತ್ತು. ತೀರ್ಮಾನ ಮಾಡಿದ್ದು ಮೌಲ್ಯ. ಮುಂದೆ ಅಣ್ವಸ್ತ್ರಗಳ ವಿರುದ್ಧ ದುಡಿದ ಅವರಿಗೆ 1995ರಲ್ಲಿ ಶಾಂತಿ ನೊಬೆಲ್ ಬಂತು.

ಹಂತ 1: ಹತ್ತು ಕೆಲಸದ ದಿನಗಳ ದಿನಚರಿ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಮಾಡಿದ ಕೆಲಸ. ಎರಡನೆಯದರಲ್ಲಿ ಅದು ಶುರುವಾದದ್ದು ಹೇಗೆ ಎಂಬುದಕ್ಕೆ ಮೂರರಲ್ಲಿ ಒಂದು ಗುರುತು: ನಾನೇ ಶುರುಮಾಡಿದೆ, ಗಡುವು ಬಂತು, ಯಾರೋ ಕೇಳಿದರು. ಮೂರನೆಯದರಲ್ಲಿ ಅದಕ್ಕೆ ಹಿಡಿದ ಸಮಯ. ನಾಲ್ಕನೆಯದರಲ್ಲಿ ಕೆಲಸ ಮುಗಿದಾಗ ನಿಮ್ಮ ಹುರುಪು ಎಷ್ಟಿತ್ತು ಎಂಬ ಅಂಕ, ಮೈನಸ್ ಎರಡರಿಂದ ಪ್ಲಸ್ ಎರಡರವರೆಗೆ. ಅರ್ಧ ಗಂಟೆಗಿಂತ ಕಡಿಮೆಯ ಕೆಲಸಗಳನ್ನು ಬರೆಯಬೇಡಿ. ದಿನಕ್ಕೆ ಎರಡು ಸಲ, ಮಧ್ಯಾಹ್ನ ಮತ್ತು ಸಂಜೆ, ಐದೈದು ನಿಮಿಷ ಸಾಕು.

ವಾರದ ಕೊನೆಗೆ ಒಟ್ಟಿಗೆ ತುಂಬಿಸಿದರೆ ಈ ಹಾಳೆ ವ್ಯರ್ಥ. ನೆನಪು ಕೆಲಸವನ್ನು ಅದರ ಫಲಿತಾಂಶದ ಬಣ್ಣದಲ್ಲೇ ತೋರಿಸುತ್ತದೆ. ಪ್ರಯೋಗ ಫಲಿಸಿದ್ದರೆ ಇಡೀ ವಾರ ಚೆನ್ನಾಗಿತ್ತೆಂದೇ ಅನ್ನಿಸುತ್ತದೆ. ಅದೇ ಕಾರಣಕ್ಕೆ ಪೇಪರ್ ತಿರಸ್ಕೃತವಾದ ಅಥವಾ ಸ್ವೀಕೃತವಾದ ಬೆನ್ನಿಗೇ ದಿನಚರಿ ಶುರುಮಾಡಬೇಡಿ. ಎರಡು ವಾರ ಬಿಡಿ. ಸಮ್ಮೇಳನದ ವಾರವೂ ಬೇಡ.

ಹತ್ತು ದಿನ ಕಳೆದ ಮೇಲೆ ಒಂದು ಗಂಟೆ ಕೂತು ಓದಿ. "ನಾನೇ ಶುರುಮಾಡಿದೆ" ಎಂಬ ಗುರುತಿದ್ದು ಅಂಕ ಪ್ಲಸ್ ಒಂದೋ ಎರಡೋ ಇರುವ ಸಾಲುಗಳನ್ನು ಮೊದಲು ಹೆಕ್ಕಿ. ಈಗ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ: ಆ ಸಾಲುಗಳಲ್ಲಿ ವಿಷಯವನ್ನು ಹುಡುಕುತ್ತಾರೆ. ನೀವು ನೋಡಬೇಕಾದದ್ದು ಕ್ರಿಯಾಪದವನ್ನು. ಓದುವುದು, ಲೆಕ್ಕ ಹಾಕುವುದು, ಉಪಕರಣ ಸರಿಪಡಿಸುವುದು, ಕಿರಿಯರಿಗೆ ವಿವರಿಸುವುದು, ವಾದಿಸುವುದು, ಕೋಡ್ ಬರೆಯುವುದು, ಜನರನ್ನು ಮಾತಾಡಿಸುವುದು, ಹಳೆಯ ಕಡತ ಕೆದಕುವುದು. ಒಂದೇ ವಿಷಯದ ಮೇಲೆ ಕೆಲಸ ಮಾಡುವ ಇಬ್ಬರ ದಿನ ಬೇರೆ ಬೇರೆ ಕ್ರಿಯಾಪದಗಳಿಂದ ತುಂಬಿರಬಹುದು. ವಿಷಯ ಬದಲಿಸಿದರೂ ಬೇಸರ ನೀಗದವರಲ್ಲಿ ಅನೇಕರು ಬದಲಿಸಬೇಕಿದ್ದದ್ದು ಕ್ರಿಯಾಪದವನ್ನು.

ಇನ್ನೊಂದು ಬಗೆಯ ಸಾಲುಗಳಿವೆ. ಅವು ಇನ್ನೂ ಬೆಲೆಬಾಳುವಂಥವು. ಅಂಕ ಮೈನಸ್, ಆದರೆ ಶುರುಮಾಡಿದ್ದು ನೀವೇ. ಯಾರೂ ಕೇಳದಿದ್ದರೂ ಡೇಟಾವನ್ನು ಮತ್ತೊಮ್ಮೆ ಮೊದಲಿಂದ ಪರೀಕ್ಷಿಸಿದಿರಿ. ಬೇರೊಬ್ಬರ ವಿದ್ಯಾರ್ಥಿಯ ಕರಡನ್ನು ಸಂಜೆಯೆಲ್ಲ ಕೂತು ತಿದ್ದಿದಿರಿ. ಹುರುಪು ಕೊಡದ ಕೆಲಸವನ್ನು ಯಾರ ಒತ್ತಾಯವೂ ಇಲ್ಲದೆ ಮಾಡಿದ್ದೀರೆಂದರೆ ಅಲ್ಲಿ ಒಂದು ಮೌಲ್ಯ ಕೆಲಸ ಮಾಡುತ್ತಿದೆ. ಅಂಥ ಸಾಲುಗಳನ್ನು ಬೇರೆ ಹಾಳೆಗೆ ಇಳಿಸಿ, ಪ್ರತಿಯೊಂದರ ಪಕ್ಕ "ಇದನ್ನು ಮಾಡದೆ ಬಿಟ್ಟಿದ್ದರೆ ನನಗೆ ಏನು ಕೆಟ್ಟದೆನಿಸುತ್ತಿತ್ತು?" ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಹಂತ 2: ಕೊಟ್ಟ ಬೆಲೆಯ ಪಟ್ಟಿ

ಕಳೆದ ಮೂರರಿಂದ ಐದು ವರ್ಷಗಳಲ್ಲಿ ನೀವು ಮಾಡಿದ ಎಂಟರಿಂದ ಹನ್ನೆರಡು ತೀರ್ಮಾನಗಳನ್ನು ಬರೆಯಿರಿ. ಆರಿಸಿಕೊಂಡದ್ದು ಒಂದು ಕಾಲಂ, ಅದಕ್ಕಾಗಿ ಬಿಟ್ಟದ್ದು ಇನ್ನೊಂದು, ಆಗ ಇತರರಿಗೆ ಹೇಳಿದ ಕಾರಣ ಮೂರನೆಯದು. ಹಳೆಯ ಮೇಲ್, ಅರ್ಜಿ, ಕ್ಯಾಲೆಂಡರ್ ತೆರೆದಿಟ್ಟುಕೊಂಡೇ ಕೂರಿ. ಫೆಲೋಶಿಪ್ ಒಪ್ಪಿದ್ದು ಬಿಟ್ಟದ್ದು ಮಾತ್ರವಲ್ಲ, ಸಣ್ಣವೂ ಬೇಕು: ಯಾವ ರಿವ್ಯೂ ಕೆಲಸಕ್ಕೆ ಇಲ್ಲವೆಂದಿರಿ, ಯಾವ ಸಹಲೇಖಕರ ಜೊತೆ ಮತ್ತೆ ದುಡಿಯಲಿಲ್ಲ, ಯಾವ ಅರ್ಧ ಪೇಪರನ್ನು ಹಾಗೆಯೇ ಬಿಟ್ಟಿರಿ. ಈಗಷ್ಟೇ ಪಿಎಚ್‌.ಡಿ. ಸೇರಿದವರು ಆರಿಸಿದ ಕೋರ್ಸುಗಳು, ಬಿಟ್ಟ ಕೋರ್ಸುಗಳಿಂದ ಶುರುಮಾಡಬಹುದು.

ಇಲ್ಲಿ ಓದಬೇಕಾದದ್ದು ನಡುವಿನ ಕಾಲಂ. ಯಾವುದಕ್ಕಾಗಿ ಎಷ್ಟು ಬಿಟ್ಟಿರಿ ಎಂಬುದು ನೀವು ಹೇಳುವ ಮಾತಿಗಿಂತ ನೇರವಾದ ಸಾಕ್ಷಿ. ಅರ್ಥಶಾಸ್ತ್ರಜ್ಞ ಸ್ಕಾಟ್ ಸ್ಟರ್ನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ತರ್ಕವಿದೆ. ಪಿಎಚ್‌.ಡಿ. ಮಾಡಿದ ಜೀವವಿಜ್ಞಾನಿಗಳಿಗೆ ಏಕಕಾಲಕ್ಕೆ ಬಂದ ಹಲವು ಉದ್ಯೋಗಗಳ ಸಂಬಳವನ್ನು ಅವರು ಹೋಲಿಸಿದರು. ಒಬ್ಬರಿಗೇ ಬಂದ ಅವಕಾಶಗಳಲ್ಲಿ, ಸಂಶೋಧನೆ ನಡೆಸಿ ಪ್ರಕಟಿಸಲು ಬಿಡುವ ಕಂಪನಿಗಳು ಕಡಿಮೆ ಸಂಬಳ ಕೊಡುತ್ತಿದ್ದವು. ವಿಜ್ಞಾನದ ಲೋಕದಲ್ಲಿ ಉಳಿಯುವ ಆಸೆಗೆ ಹಣದ ರೂಪದಲ್ಲಿ ಒಂದು ಬೆಲೆ ಕಾಣಿಸಿತು. ನಿಮ್ಮ ಪಟ್ಟಿಯಲ್ಲೂ ಇಂಥ ಬೆಲೆಗಳಿವೆ: ಹಣ, ಊರು, ಕುಟುಂಬದ ಜೊತೆಗಿನ ಸಮಯ, ಹೆಸರು, ನೆಮ್ಮದಿ.

ಮೂರನೆಯ ಕಾಲಂ ಮೊದಲೆರಡಕ್ಕೆ ಹೊಂದದ ಕಡೆ ಗುರುತು ಹಾಕಿ. "ವಿಷಯ ಇಷ್ಟವಾಯಿತು" ಎಂದು ಹೇಳಿದ ಮೂರು ಸಲವೂ ನೀವು ಆರಿಸಿದ್ದು ಹೆಚ್ಚು ಹೆಸರಿರುವ ಲ್ಯಾಬ್ ಆಗಿದ್ದರೆ, ಅದನ್ನು ಹಾಗೆಯೇ ಬರೆದುಕೊಳ್ಳಿ. ನಾಚಿಕೆಪಡಬೇಕಾದ ಸಂಗತಿ ಅದಲ್ಲ; ಗೊತ್ತಿಲ್ಲದೆ ಉಳಿದರೆ ಮಾತ್ರ ತೊಂದರೆ.

ಹಂತ 3: ಹತ್ತು ಮೌಲ್ಯ, ನಲವತ್ತೈದು ಜೋಡಿ

ಮೌಲ್ಯಗಳಿಗೆ ಒಂದೊಂದಾಗಿ ಐದರಲ್ಲಿ ಅಂಕ ಕೊಡಲು ಹೋದರೆ ಎಲ್ಲವಕ್ಕೂ ನಾಲ್ಕು, ಐದು ಬೀಳುತ್ತದೆ. ಯಾಕೆಂದರೆ ಎಲ್ಲವೂ ಒಳ್ಳೆಯವೇ. ಜೋಡಿ ಹೋಲಿಕೆಯಲ್ಲಿ ಒಂದನ್ನು ಬಿಡಲೇಬೇಕು.

ಪಟ್ಟಿಗೆ ಮನೋವಿಜ್ಞಾನಿ ಶಾಲೋಮ್ ಶ್ವಾರ್ಟ್ಸ್ 1992ರಲ್ಲಿ ಮಂಡಿಸಿದ ಹತ್ತು ಮೂಲಮೌಲ್ಯಗಳು ಚೆನ್ನಾಗಿ ಒದಗುತ್ತವೆ: ಸ್ವಂತ ದಾರಿ, ಹೊಸತನದ ರೋಮಾಂಚನ, ಸುಖ, ಸಾಧನೆ, ಅಧಿಕಾರ, ಭದ್ರತೆ, ನಿಯಮಪಾಲನೆ, ಸಂಪ್ರದಾಯ, ಹತ್ತಿರದವರ ಹಿತ, ಸರ್ವರ ಹಿತ. ಅವರು ಇವನ್ನು ವೃತ್ತಾಕಾರದಲ್ಲಿ ಜೋಡಿಸಿದರು. ಅಕ್ಕಪಕ್ಕದವು ಹೊಂದಿಕೊಂಡು ಹೋಗುತ್ತವೆ, ಎದುರುಬದುರಿನವು ಎಳೆದಾಡುತ್ತವೆ. ಸಾಧನೆ, ಅಧಿಕಾರ ಒಂದು ಬದಿಗಿದ್ದರೆ ಸರ್ವಹಿತ ಎದುರು ಬದಿಗಿದೆ. ಸ್ವಂತ ದಾರಿ ಒಂದು ಕಡೆಗಿದ್ದರೆ ಭದ್ರತೆ, ನಿಯಮಪಾಲನೆ ಇನ್ನೊಂದು ಕಡೆಗಿವೆ. ಸಂಶೋಧಕರ ಒಳಜಗಳಗಳಲ್ಲಿ ಬಹುಪಾಲು ಈ ಎರಡು ಅಡ್ಡಗೆರೆಗಳ ಮೇಲೆಯೇ ನಡೆಯುತ್ತವೆ. ಡೇಟಾ ಈಗಲೇ ಎಲ್ಲರಿಗೂ ತೆರೆದಿಡಬೇಕೋ, ಇನ್ನೆರಡು ಪೇಪರ್ ಬರೆದ ಮೇಲೋ? ಐದು ವರ್ಷ ಫಲ ಕಾಣದ ಪ್ರಶ್ನೆ ಹಿಡಿಯಬೇಕೋ, ಕಾಯಂ ಹುದ್ದೆ ಸಿಗುವ ತನಕ ಸುರಕ್ಷಿತವಾದದ್ದನ್ನೇ ಮಾಡಬೇಕೋ?

ಹತ್ತನ್ನೂ ಹತ್ತು ಚೀಟಿಗಳಲ್ಲಿ ಬರೆಯಿರಿ, ಆದರೆ ನಿಮ್ಮ ಕೆಲಸದ ಮಾತಿನಲ್ಲಿ. "ಅಧಿಕಾರ" ಎಂದಷ್ಟೇ ಬರೆದರೆ ಎಲ್ಲರೂ ಅದನ್ನು ಕೊನೆಗೆ ತಳ್ಳುತ್ತಾರೆ. "ಲ್ಯಾಬಿನಲ್ಲಿ ಯಾವ ಪ್ರಶ್ನೆ ಹಿಡಿಯಬೇಕೆಂದು ನಾನು ನಿರ್ಧರಿಸುವುದು" ಎಂದು ಬರೆದರೆ ಪ್ರಾಮಾಣಿಕ ಉತ್ತರ ಸಿಗುತ್ತದೆ. ಹತ್ತರಿಂದ ನಲವತ್ತೈದು ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಒಂದೇ ಪ್ರಶ್ನೆ: ಮುಂದಿನ ಐದು ವರ್ಷ ಇವೆರಡರಲ್ಲಿ ಒಂದು ಇರುವುದೇ ಇಲ್ಲವೆಂದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ? ಜೋಡಿಗೆ ಅರ್ಧ ನಿಮಿಷ ಹಿಡಿದರೆ ಸುಮಾರು ಇಪ್ಪತ್ಮೂರು ನಿಮಿಷದ ಕೆಲಸ. ಯಾವುದು ಎಷ್ಟು ಸಲ ಗೆದ್ದಿತೆಂದು ಎಣಿಸಿ. ಒಂದಕ್ಕೆ ಹೆಚ್ಚೆಂದರೆ ಒಂಬತ್ತು.

ಆಮೇಲೆ ಎರಡು ತಪಾಸಣೆ. ಮೊದಲನೆಯದು, ಸುತ್ತು. ಒಂದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು ಗೆದ್ದಿದ್ದರೆ ಆ ಮೂರರಲ್ಲಿ ಒಂದರ ಚೀಟಿ ಮಬ್ಬಾಗಿ ಬರೆದದ್ದಿರಬಹುದು. ಅದನ್ನು ತಿದ್ದಿ ಮತ್ತೆ ಹೋಲಿಸಿ. ಎರಡನೆಯದು, ಒಂದು ವಾರ ಬಿಟ್ಟು ಹಿಂದಿನ ಫಲ ನೋಡದೆ ಇಡೀ ಹೋಲಿಕೆಯನ್ನು ಮತ್ತೊಮ್ಮೆ ಮಾಡಿ. ಮೂರು ಅಥವಾ ಹೆಚ್ಚು ಗೆಲುವುಗಳಷ್ಟು ಏರಿದ, ಇಳಿದ ಮೌಲ್ಯವನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿಯಬೇಡಿ. ಎರಡೂ ಸಲ ಮೇಲಿದ್ದ ಮೂರನ್ನು ಇಟ್ಟುಕೊಳ್ಳಿ.

ನಾಳೆ ಇನ್ನೊಬ್ಬರು ಪ್ರಕಟಿಸಿದರೆ?

ದಿನಚರಿ ಹೇಳಿದ್ದನ್ನು ಒರೆಗೆ ಹಚ್ಚಲು ಒಂದು ಪ್ರಶ್ನೆ ಸಾಕು. ನೀವು ಹಿಡಿದಿರುವ ಪ್ರಶ್ನೆಗೆ ಸರಿಯಾದ, ಪೂರ್ಣ ಉತ್ತರವನ್ನು ನಾಳೆ ಬೆಳಗ್ಗೆ ಇನ್ನೊಬ್ಬರು ಪ್ರಕಟಿಸಿದ್ದಾರೆಂದು ಭಾವಿಸಿ. ಮೊದಲ ಹತ್ತು ನಿಮಿಷ ಏನು ಮಾಡುತ್ತೀರಿ? ಪೇಪರ್ ತೆರೆದು ಉತ್ತರ ಓದಲು ಧಾವಿಸಿದರೆ ಕುತೂಹಲ ಬಲವಾಗಿದೆ. ಅವರು ಯಾವ ದಿನಾಂಕದಲ್ಲಿ ಸಲ್ಲಿಸಿದರೆಂದು ಮೊದಲು ನೋಡಿದರೆ ಮನ್ನಣೆಯ ಆಸೆ ಮುಂದಿದೆ. ಅವರ ವಿಧಾನ ನಿಮ್ಮದಕ್ಕಿಂತ ಚೊಕ್ಕವೇ ಎಂದು ಹುಡುಕಿದರೆ ಕೌಶಲ್ಯ. ಇನ್ನು ಇದರಿಂದ ಜನರಿಗೆ ಬೇಗ ಅನುಕೂಲವಾಗುತ್ತದಲ್ಲ ಎಂದು ಹಗುರಾದರೆ ಉಪಯೋಗದ ಹಂಬಲ. ಬರೀ ನಿರಾಳವಾದರೆ, ಆ ಪ್ರಾಜೆಕ್ಟನ್ನು ನೀವು ಯಾವತ್ತೋ ಮನಸ್ಸಿನಲ್ಲಿ ಬಿಟ್ಟಾಗಿದೆ, ಮುಂದುವರಿಸುತ್ತಿರುವುದು ಕರ್ತವ್ಯಕ್ಕೆ.

ಎದೆ ಕುಸಿದರೆ ಅದು ಸಣ್ಣತನವಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1957ರಲ್ಲಿ ವಿವರಿಸಿದಂತೆ ವಿಜ್ಞಾನಿ ತಾನು ಕಂಡುಕೊಂಡದ್ದನ್ನು ಎಲ್ಲರಿಗೂ ಕೊಟ್ಟುಬಿಡಬೇಕು. ಅವನ ಪಾಲಿಗೆ ಉಳಿಯುವ ಆಸ್ತಿ "ಮೊದಲು ಕಂಡವನು" ಎಂಬ ಮನ್ನಣೆಯೊಂದೇ. ನ್ಯೂಟನ್, ಲೈಬ್ನಿಟ್ಸರಂಥವರೂ ಅದಕ್ಕಾಗಿ ಜಗಳವಾಡಿದರು. 1858ರ ಜೂನ್‌ನಲ್ಲಿ ಜೀವವಿಕಾಸದ ಬಗ್ಗೆ ತಮ್ಮದೇ ವಿಚಾರವನ್ನು ಹೇಳುವ ವ್ಯಾಲೆಸರ ಹಸ್ತಪ್ರತಿ ಕೈಸೇರಿದಾಗ ಡಾರ್ವಿನ್ ಆ ವಿಚಾರದ ಮೇಲೆ ಸುಮಾರು ಇಪ್ಪತ್ತು ವರ್ಷ ದುಡಿದಿದ್ದರು. ಜುಲೈ 1ರಂದು ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಮೊದಲಿಗನಾಗುವ ಆಸೆಯೂ ನ್ಯಾಯದ ಮೌಲ್ಯವೂ ಒಂದೇ ತಿಂಗಳಲ್ಲಿ ಎದುರಾದಾಗ ಸಿಕ್ಕ ದಾರಿ ಅದು.

ಪ್ರತಿ ಪ್ರೇರಣೆಗೂ ಅದರದೇ ಜಾರುವ ಜಾಗ

ಒಳಗಿನ ಪ್ರೇರಣೆ ಶುದ್ಧ, ಹೊರಗಿನದು ಕೀಳು ಎಂಬ ವಿಂಗಡಣೆಯಿಂದ ಏನೂ ಸಿಗುವುದಿಲ್ಲ. ಎಲ್ಲವೂ ಒಳ್ಳೆಯ ಸಂಶೋಧನೆ ಮಾಡಿಸಿವೆ, ಎಲ್ಲವೂ ಕೆಟ್ಟದ್ದನ್ನೂ ಮಾಡಿಸಿವೆ. ನಿಮ್ಮದು ಯಾವುದೆಂದು ತಿಳಿದರೆ ಜಾರುವ ಜಾಗ ಮುಂಚೆಯೇ ಕಾಣುತ್ತದೆ, ಅಲ್ಲಿಗೆ ಒಂದು ಕಟ್ಟೆ ಕಟ್ಟಬಹುದು.

ಕುತೂಹಲದಿಂದ ನಡೆಯುವವರು ತಮಗೆ ಅರ್ಥವಾದ ಕ್ಷಣದಲ್ಲಿ ನಿಲ್ಲುತ್ತಾರೆ. ಬರೆಯುವುದು ಬಾಕಿ ಉಳಿಯುತ್ತದೆ, ಹೊಸ ಪ್ರಶ್ನೆ ಕರೆಯುತ್ತದೆ. ಕಟ್ಟೆ ಇದು: ಪ್ರಯೋಗ ಶುರುಮಾಡುವ ಮೊದಲೇ ಪೇಪರಿನಲ್ಲಿ ಬರಬೇಕಾದ ನಾಲ್ಕೈದು ಚಿತ್ರಗಳನ್ನು ಖಾಲಿ ಅಕ್ಷಗಳೊಂದಿಗೆ ಬರೆದಿಡಿ, ಅವು ತುಂಬಿದ ದಿನ ಪ್ರಶ್ನೆಯ ಬಾಗಿಲು ಮುಚ್ಚಿ. ದಾರಿಯಲ್ಲಿ ಹುಟ್ಟಿದ ಹೊಸ ಪ್ರಶ್ನೆಗಳಿಗೆ ಬೇರೆ ಪುಸ್ತಕ ಇರಲಿ. ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಜೋಳದಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುವ ಜೀನುಗಳನ್ನು ಕಂಡುಹಿಡಿದಾಗ ಸಹವಿಜ್ಞಾನಿಗಳಿಗೆ ಅದು ಹಿಡಿಸಲಿಲ್ಲ. 1953ರ ನಂತರ ಅವರು ಆ ಕೆಲಸವನ್ನು ಪ್ರಕಟಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿದರೂ ಸಂಶೋಧನೆ ನಿಲ್ಲಿಸಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ. ಮನ್ನಣೆಯಿಲ್ಲದೆ ಕುತೂಹಲ ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಕಷ್ಟ. ಆದರೆ ಅವರಿಗೆ ಸಂಸ್ಥೆಯಲ್ಲಿ ಭದ್ರವಾದ ನೆಲೆಯಿತ್ತು ಎಂಬುದನ್ನು ಮರೆಯಬಾರದು. ಅವಧಿ ಮುಗಿಯುವ ಫೆಲೋಶಿಪ್‌ನಲ್ಲಿ ಇರುವವರು ಇದನ್ನು ಮಾದರಿಯಾಗಿ ಹಿಡಿಯಲಾಗದು.

ಕೌಶಲ್ಯದ ಪ್ರೀತಿ ಇರುವವರು ವಿಧಾನಕ್ಕೆ ತಕ್ಕ ಪ್ರಶ್ನೆ ಹುಡುಕುತ್ತಾರೆ, ಇಲ್ಲವೇ ಸಾಕಷ್ಟು ಸರಿಯಾದದ್ದನ್ನು ಇನ್ನೂ ಉಜ್ಜುತ್ತಿರುತ್ತಾರೆ. ಅಳತೆಯಲ್ಲಿ ಎಷ್ಟು ದೋಷ ಒಪ್ಪಬಹುದೆಂದು ಮೊದಲೇ ಅಂಕಿಯಲ್ಲಿ ಬರೆದಿಡಿ. ಅಲ್ಲಿಗೆ ತಲುಪಿದರೆ ಮುಂದೆ ಹೋಗಿ.

ಮನ್ನಣೆಯ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಸಂಸ್ಥೆಗಳು ಇದನ್ನೇ ಹಿಡಿದು ಎಳೆಯುತ್ತವೆ. 2005ರಲ್ಲಿ ಭೌತವಿಜ್ಞಾನಿ ಹರ್ಶ್ ಸೂಚಿಸಿದ ಎಚ್-ಸೂಚ್ಯಂಕ, ಪೇಪರುಗಳನ್ನೂ ಅವುಗಳಿಗೆ ಸಿಕ್ಕ ಉಲ್ಲೇಖಗಳನ್ನೂ ಎಣಿಸಿ, ಒಬ್ಬ ಸಂಶೋಧಕನನ್ನು ಒಂದು ಅಂಕಿಗೆ ಇಳಿಸುತ್ತದೆ. ಅಳತೆಯೇ ಗುರಿಯಾದಾಗ ಅಳತೆ ಕೆಡುತ್ತದೆ: ಒಂದೇ ಕೆಲಸ ಮೂರು ಪೇಪರಾಗಿ ಸೀಳುತ್ತದೆ, ತನ್ನನ್ನೇ ಉಲ್ಲೇಖಿಸಿಕೊಳ್ಳುವುದು ಹೆಚ್ಚುತ್ತದೆ, ಗಮನಾರ್ಹ (ಬರೀ ಆಕಸ್ಮಿಕವಲ್ಲವೆಂದು ಅಂಕಿಅಂಶದಲ್ಲಿ ಕಾಣುವ) ಫಲಿತಾಂಶ ಬರುವವರೆಗೆ ಡೇಟಾವನ್ನು ಬೇರೆ ಬೇರೆ ಬಗೆಯಲ್ಲಿ ವಿಶ್ಲೇಷಿಸಲಾಗುತ್ತದೆ. ಈ ಕೊನೆಯದು ಎಷ್ಟು ಅಪಾಯಕಾರಿ ಎಂದು ಸಿಮನ್ಸ್, ನೆಲ್ಸನ್, ಸೈಮನ್ಸೋನ್ ಎಂಬ ಮೂವರು ಸಂಶೋಧಕರು 2011ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಾಮೂಲೆನಿಸುವ ನಾಲ್ಕು ಸಡಿಲಿಕೆಗಳನ್ನು ಒಟ್ಟಿಗೆ ಬಳಸಿದರೆ, ಇಲ್ಲದ ಪರಿಣಾಮ ಇದೆಯೆಂದು ಕಾಣುವ ಸಾಧ್ಯತೆ ಶೇ 5ರಿಂದ ಸುಮಾರು ಶೇ 61ಕ್ಕೆ ಏರುತ್ತದೆ. ಹೀಗೆ ಮಾಡುವವರಲ್ಲಿ ಬಹಳಷ್ಟು ಮಂದಿಗೆ ತಾವು ಮೋಸ ಮಾಡುತ್ತಿದ್ದೇವೆ ಎನಿಸುವುದೇ ಇಲ್ಲ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದಾಗ, ಮೂಲದಲ್ಲಿ ಶೇ 97ರಷ್ಟು ಗಮನಾರ್ಹ ಫಲಿತಾಂಶ ಹೇಳಿದ್ದರೆ ಮರುಪ್ರಯೋಗದಲ್ಲಿ ಅದು ಶೇ 36ಕ್ಕೆ ಇಳಿಯಿತು.

ಮನ್ನಣೆ ಬೇಕೆಂದಿದ್ದರೆ ಅದು ಫಲಿತಾಂಶಕ್ಕೆ ಅಂಟದಂತೆ ನೋಡಿಕೊಳ್ಳಿ. ಡೇಟಾ ಸಂಗ್ರಹಿಸುವ ಮೊದಲೇ ಊಹೆ, ಮಾದರಿಯ ಗಾತ್ರ, ವಿಶ್ಲೇಷಣೆಯ ಕ್ರಮವನ್ನು ದಿನಾಂಕದೊಂದಿಗೆ ನೋಂದಾಯಿಸಿ. ಕೆಲವು ಜರ್ನಲ್‌ಗಳು 2013ರಿಂದೀಚೆಗೆ ಪ್ರಶ್ನೆ ಮತ್ತು ವಿಧಾನವನ್ನಷ್ಟೇ ರಿವ್ಯೂ ಮಾಡಿ, ಫಲಿತಾಂಶ ಏನೇ ಬಂದರೂ ಪ್ರಕಟಿಸುವುದಾಗಿ ಮುಂಚಿತವಾಗಿ ಒಪ್ಪುತ್ತವೆ. ಮನ್ನಣೆ ಬಯಸುವವರಿಗೆ ಇದಕ್ಕಿಂತ ಹಿತವಾದ ಏರ್ಪಾಡಿಲ್ಲ. ಇನ್ನೊಂದು ಸರಳ ಕೆಲಸ: ಯಾರ ಮೆಚ್ಚುಗೆ ನಿಮಗೆ ನಿಜಕ್ಕೂ ಬೇಕೋ ಅಂಥ ಐದು ಮಂದಿಯ ಹೆಸರು ಬರೆಯಿರಿ, ಕರಡನ್ನು ಅವರಲ್ಲಿ ಇಬ್ಬರಿಗೆ ಕಳಿಸಿ. ಸೂಕ್ಷ್ಮವಾಗಿ ಓದಬಲ್ಲ ಐವರು ಕಣ್ಣೆದುರು ಇದ್ದಾಗ ಅಂಕಿಯ ಹಿಂದೆ ಓಡುವುದು ತಾನಾಗಿ ಕಡಿಮೆಯಾಗುತ್ತದೆ.

ಉಪಯೋಗವಾಗಲಿ ಎಂಬ ಹಂಬಲ ಇರುವವರು ಸಾಕ್ಷ್ಯದ ಮಟ್ಟವನ್ನು ತಗ್ಗಿಸುತ್ತಾರೆ, ಸಾರಾಂಶದಲ್ಲಿ ದೊಡ್ಡ ಮಾತಾಡುತ್ತಾರೆ. ಇಲ್ಲಿ ಮೌಲ್ಯಕ್ಕೆ ನ್ಯಾಯವಾದ ಜಾಗ ಒಂದಿದೆ. ತತ್ತ್ವಶಾಸ್ತ್ರಜ್ಞ ರಿಚರ್ಡ್ ರಡ್ನರ್ 1953ರಲ್ಲಿ ವಾದಿಸಿದಂತೆ ಎಷ್ಟು ಸಾಕ್ಷ್ಯ ಸಾಕು ಎಂಬುದು ತಪ್ಪಿದರೆ ಆಗುವ ಹಾನಿ ಎಷ್ಟು ಎಂಬುದನ್ನು ಅವಲಂಬಿಸಿದೆ. ಔಷಧದ ವಿಷಗುಣ ಪರೀಕ್ಷಿಸುವಾಗ ಬೇಕಾದ ಖಚಿತತೆ ಬೇರೆ, ಬೆಲ್ಟಿನ ಬಕಲ್ ಪರೀಕ್ಷಿಸುವಾಗ ಬೇಕಾದದ್ದು ಬೇರೆ. ಹಾಗಾಗಿ ಡೇಟಾ ನೋಡುವ ಮೊದಲೇ ಎರಡು ಸಾಲು ಬರೆಯಿರಿ: ಇಲ್ಲದ್ದನ್ನು ಇದೆ ಎಂದರೆ ಯಾರಿಗೆ ಏನಾಗುತ್ತದೆ, ಇರುವುದನ್ನು ಇಲ್ಲ ಎಂದರೆ ಯಾರಿಗೆ ಏನಾಗುತ್ತದೆ. ಮಿತಿಯನ್ನು ಅದರ ಮೇಲೆ ನಿಗದಿ ಮಾಡಿ. ಡೇಟಾ ಕಂಡ ಮೇಲೆ ಮೌಲ್ಯ ಉತ್ತರವನ್ನು ತಿದ್ದಬಾರದು.

ಸ್ವಾತಂತ್ರ್ಯ ಬಯಸುವವರಿಗೆ ಒಂಟಿತನವೇ ಅಪಾಯ; ತಪ್ಪು ಹಿಡಿಯುವವರು ಹತ್ತಿರ ಇರುವುದಿಲ್ಲ. ತಿಂಗಳಿಗೊಮ್ಮೆ ಅರ್ಧಂಬರ್ಧ ಕೆಲಸವನ್ನೇ ಯಾರಿಗಾದರೂ ತೋರಿಸುವ ದಿನ ಗೊತ್ತುಮಾಡಿ.

ಬಳಗದ ಮೇಲಿನ ನಿಷ್ಠೆ ಕಾಣಲು ಸುಂದರ, ಆದರೆ ಗೈಡ್‌ನ ತಪ್ಪನ್ನು ಕಂಡೂ ಸುಮ್ಮನಿರಿಸುತ್ತದೆ, ಕೆಲಸ ಮಾಡದವರ ಹೆಸರನ್ನು ಪೇಪರಿಗೆ ಸೇರಿಸುತ್ತದೆ. ಇದಕ್ಕೆ ಮುಖ ನೋಡಿ ತೀರ್ಮಾನಿಸಬೇಕಾಗದಂಥ ನಿಯಮ ಬೇಕು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಾಗಲು ನಾಲ್ಕು ಷರತ್ತು ಹಾಕಿದೆ: ಕೆಲಸದ ಪರಿಕಲ್ಪನೆ, ಡೇಟಾ ಅಥವಾ ವಿಶ್ಲೇಷಣೆಗೆ ಗಣನೀಯ ಕೊಡುಗೆ; ಬರೆಯುವುದು ಅಥವಾ ಗಂಭೀರವಾಗಿ ತಿದ್ದುವುದು; ಅಂತಿಮ ಪ್ರತಿಗೆ ಒಪ್ಪಿಗೆ; ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇರಬೇಕು. ಪ್ರಾಜೆಕ್ಟಿನ ಮೊದಲ ವಾರದಲ್ಲೇ ಇದನ್ನು ಮೇಜಿನ ಮೇಲಿಟ್ಟು, ಯಾರು ಏನು ಮಾಡುತ್ತಾರೆಂದು ಬರೆಯಿರಿ. ಪ್ರತಿ ಲೇಖಕರ ಕೊಡುಗೆ ಯಾವುದೆಂದು ಗುರುತಿಸುವ, ಹದಿನಾಲ್ಕು ಪಾತ್ರಗಳ ಕ್ರೆಡಿಟ್ (CRediT) ಪಟ್ಟಿಯನ್ನು ಬಳಸಿದರೆ ಇನ್ನೂ ಸ್ಪಷ್ಟ. ಕರಡು ಸಿದ್ಧವಾದ ಮೇಲೆ ಶುರುವಾಗುವ ಮಾತುಕತೆ ಜಗಳವಾಗಿಯೇ ಶುರುವಾಗುತ್ತದೆ.

ಸಂಬಳ, ಕಾಯಂ ಹುದ್ದೆ, ಕುಟುಂಬದ ಹೊಣೆ ನಿಮ್ಮ ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಅದನ್ನು ಬೇರೆ ಹೆಸರಿನಿಂದ ಮುಚ್ಚಬೇಡಿ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1917ರಲ್ಲಿ ವಿಜ್ಞಾನವನ್ನು ಜೀವನವೃತ್ತಿಯಾಗಿ ಹಿಡಿಯುವ ಬಗ್ಗೆ ಮಾಡಿದ ಪ್ರಸಿದ್ಧ ಉಪನ್ಯಾಸವೂ ಹೊಟ್ಟೆಪಾಡಿನ ಮಾತಿನಿಂದಲೇ ಶುರುವಾಗುತ್ತದೆ. ತಾತ್ಕಾಲಿಕ ಹುದ್ದೆಗಳಲ್ಲಿ ಎಲ್ಲಿಯವರೆಗೆ ಇರುತ್ತೀರೆಂಬ ದಿನಾಂಕವನ್ನು ಬರೆದಿಟ್ಟು ಮನೆಯವರಿಗೂ ಹೇಳಿ.

ಗೈಡ್ ಆಗಿರುವವರಿಗೆ

ವಿದ್ಯಾರ್ಥಿಯನ್ನು "ನಿನಗೆ ಯಾಕೆ ಸಂಶೋಧನೆ ಇಷ್ಟ?" ಎಂದು ಕೇಳಿದರೆ ಅರ್ಜಿಯ ಉತ್ತರವೇ ಬರುತ್ತದೆ, ಅದೂ ನಿಮಗೆ ಹಿಡಿಸುವ ರೂಪದಲ್ಲಿ. ಘಟನೆಗಳನ್ನು ಕೇಳಿ. ಕಳೆದ ತಿಂಗಳು ಹೊತ್ತು ಹೋದದ್ದೇ ತಿಳಿಯದೆ ಮಾಡಿದ ಕೆಲಸ ಯಾವುದು? ಯಾವುದನ್ನು ಮೂರು ಸಲ ಮುಂದೂಡಿದೆ? ಯಾರಿಗೆ ನಿನ್ನ ಕೆಲಸ ತೋರಿಸಬೇಕೆನಿಸಿತು? ಆರು ತಿಂಗಳಿಗೊಮ್ಮೆ ಅರ್ಧ ಗಂಟೆ, ಪ್ರಗತಿ ವರದಿಯ ಸಭೆಯಿಂದ ಬೇರೆಯಾಗಿ. ಎರಡನ್ನೂ ಬೆರೆಸಿದರೆ ವಿದ್ಯಾರ್ಥಿ ಮೌಲ್ಯಮಾಪನಕ್ಕೆ ತಕ್ಕಂತೆ ಮಾತಾಡುತ್ತಾನೆ.

ಬಹುಮಾನ ಕೊಡುವಾಗ ಎಚ್ಚರ ಬೇಕು. ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಆಸಕ್ತಿಕರವಾದ ಒಂದು ಒಗಟನ್ನು ಜೋಡಿಸುತ್ತಿದ್ದರು. ಒಂದು ಗುಂಪಿಗೆ ಎರಡನೆಯ ಸುತ್ತಿನಲ್ಲಿ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಕೊಡಲಾಯಿತು. ಹಣ ನಿಂತ ಮೂರನೆಯ ಸುತ್ತಿನಲ್ಲಿ, ಏನು ಬೇಕಾದರೂ ಮಾಡಬಹುದಾಗಿದ್ದ ಎಂಟು ನಿಮಿಷದ ಬಿಡುವಿನಲ್ಲಿ ಆ ಗುಂಪು ಮೊದಲಿಗಿಂತ ಕಡಿಮೆ ಹೊತ್ತು ಒಗಟಿನೊಂದಿಗೆ ಕಳೆಯಿತು. ಮಾತಿನ ಮೆಚ್ಚುಗೆ ಪಡೆದವರಲ್ಲಿ ಹೀಗಾಗಲಿಲ್ಲ. ಇದರಿಂದ ಬೆಳೆದ ಡೆಸಿ ಮತ್ತು ರಯಾನ್ ಅವರ ಸಿದ್ಧಾಂತ ಮೂರು ಅಗತ್ಯಗಳನ್ನು ಗುರುತಿಸುತ್ತದೆ: ಸ್ವಂತ ನಿರ್ಧಾರ, ಕೈಲಾಗುತ್ತದೆಂಬ ಅನುಭವ, ಜನರೊಂದಿಗಿನ ನಂಟು. ಫೆಲೋಶಿಪ್ ಹಣ ಸಕಾಲಕ್ಕೆ ಬರಲೇಬೇಕು, ಅದು ಬೇರೆ ಮಾತು. ಆದರೆ ಪೇಪರಿಗಿಷ್ಟು ಎಂದು ಬಹುಮಾನ ಕಟ್ಟುವ ಬದಲು ಮುಂದಿನ ಪ್ರಯೋಗವನ್ನು ಆರಿಸುವ ಹಕ್ಕು ಕೊಟ್ಟರೆ, ಯಾವ ಹೆಜ್ಜೆ ಯಾಕೆ ಚೆನ್ನಾಗಿತ್ತೆಂದು ನಿರ್ದಿಷ್ಟವಾಗಿ ಹೇಳಿದರೆ ಕೆಲಸ ಹೆಚ್ಚು ದಿನ ನಡೆಯುತ್ತದೆ.

ಹಾಳೆಯನ್ನು ಬಳಸುವುದು

ಎಲ್ಲ ಮುಗಿದ ಮೇಲೆ ಒಂದೇ ಹಾಳೆ ಉಳಿಯಲಿ: ಎರಡು ಪ್ರೇರಣೆ, ಮೂರು ಮೌಲ್ಯ, ಹುರುಪು ಕೊಡುವ ನಾಲ್ಕು ಕ್ರಿಯಾಪದ.

ಹೊಸ ಪ್ರಾಜೆಕ್ಟ್ ಎದುರಾದಾಗ ಅದರ ಒಂದು ಮಾಮೂಲಿ ವಾರವನ್ನು ಗಂಟೆಗಳಲ್ಲಿ ಬಿಡಿಸಿ. ನಲವತ್ತು ಗಂಟೆಯಲ್ಲಿ ನಿಮ್ಮ ನಾಲ್ಕು ಕ್ರಿಯಾಪದಗಳಿಗೆ ಹತ್ತು ಗಂಟೆಯೂ ಸಿಗದಿದ್ದರೆ ವಿಷಯ ಎಷ್ಟೇ ಆಕರ್ಷಕವಾಗಿದ್ದರೂ ಒಪ್ಪುವ ಮುನ್ನ ಇನ್ನೊಮ್ಮೆ ಯೋಚಿಸಿ. ನಿಮ್ಮ ಮುಖ್ಯ ಪ್ರೇರಣೆಗೆ ಮೊದಲ ಫಲ ಯಾವಾಗ ಸಿಗುತ್ತದೆಂದೂ ನೋಡಿ. ಕುತೂಹಲಕ್ಕೆ ಮೊದಲ ವಾರದಲ್ಲೇ ಸಿಗಬಹುದು, ಉಪಯೋಗಕ್ಕೆ ಹತ್ತು ವರ್ಷ ಹಿಡಿಯಬಹುದು. ಹಾಗಿದ್ದಾಗ ಆರು ತಿಂಗಳಲ್ಲಿ ಏನಾದರೂ ಕೈಗೆ ಬರುವ ಸಣ್ಣ ಕೆಲಸವೊಂದು ಜೊತೆಗಿರಲಿ.

ಗೈಡ್ ಆರಿಸುವಾಗ ಅವರ ಈಗಿನ ಮತ್ತು ಹಿಂದಿನ ವಿದ್ಯಾರ್ಥಿಗಳನ್ನು, ಕನಿಷ್ಠ ಮೂವರನ್ನು, ಬೇರೆ ಬೇರೆಯಾಗಿ ಕೇಳಿ. ಗೈಡ್ ನಂಬಿದ ವಿಚಾರಕ್ಕೆ ವಿರುದ್ಧವಾಗಿ ಫಲಿತಾಂಶ ಬಂದಾಗ ಏನಾಯಿತು? ಲೇಖಕರ ಕ್ರಮವನ್ನು ಯಾವಾಗ, ಯಾರು ತೀರ್ಮಾನಿಸುತ್ತಾರೆ? ನಡುವೆ ಬಿಟ್ಟುಹೋದವರು ಯಾಕೆ ಬಿಟ್ಟರು? ಇವುಗಳಿಗೆ ಸಿಗುವ ಉತ್ತರದಲ್ಲಿ, ಅಥವಾ ಉತ್ತರಕ್ಕೆ ಮುಂಚಿನ ತಡವರಿಕೆಯಲ್ಲಿ, ಲ್ಯಾಬಿನ ಮೌಲ್ಯ ಕಾಣುತ್ತದೆ. ಅದು ನಿಮ್ಮ ಮೂರರಲ್ಲಿ ಯಾವುದಕ್ಕೆ ಅಡ್ಡ ಬರುತ್ತದೆಂದು ಹಾಳೆಯ ಪಕ್ಕ ಇಟ್ಟು ನೋಡಿ.

ಮೌಲ್ಯಗಳಿಂದ ಮೂರು ಗೆರೆಗಳನ್ನು ಎಳೆದಿಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಮಾಡುವ ಕೆಲಸವನ್ನು ಸೇರಿಸಿ. "ಪ್ರಾಮಾಣಿಕನಾಗಿರುತ್ತೇನೆ" ಎಂಬುದು ಗೆರೆಯಲ್ಲ. "ಮೂಲ ಡೇಟಾ ನೋಡದ ಪೇಪರಿನಲ್ಲಿ ನನ್ನ ಹೆಸರು ಇರಬಾರದು, ಇದ್ದರೆ ಸಲ್ಲಿಸುವ ಮೊದಲು ತೆಗೆಯುವಂತೆ ಲಿಖಿತವಾಗಿ ಕೇಳುತ್ತೇನೆ" ಎಂಬುದು ಗೆರೆ. ಒತ್ತಡದ ಹೊತ್ತಿನಲ್ಲಿ ಹೊಸದಾಗಿ ಯೋಚಿಸಲು ಆಗುವುದಿಲ್ಲ, ಮುಂಚೆ ಬರೆದದ್ದನ್ನು ಮಾಡಬಹುದು. 2005ರಲ್ಲಿ ಪ್ರಕಟವಾದ ಒಂದು ಅನಾಮಧೇಯ ಸಮೀಕ್ಷೆಯಲ್ಲಿ ಅಮೆರಿಕದ ವಿಜ್ಞಾನಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು, ಹಿಂದಿನ ಮೂರು ವರ್ಷಗಳಲ್ಲಿ ಹತ್ತು ಗಂಭೀರ ತಪ್ಪು ನಡವಳಿಕೆಗಳಲ್ಲಿ ಒಂದನ್ನಾದರೂ ಮಾಡಿದ್ದಾಗಿ ಒಪ್ಪಿಕೊಂಡರು.

ಗೆರೆಗಳನ್ನು ಸಹೋದ್ಯೋಗಿಗಳಿಗೆ ಬಾಯಿಬಿಟ್ಟು ಹೇಳಿ. 2007ರ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಮುಕ್ತತೆ, ನಿಷ್ಪಕ್ಷಪಾತದಂಥ ಆದರ್ಶಗಳನ್ನು ಬಲವಾಗಿ ಒಪ್ಪಿದರು, ತಮ್ಮ ನಡವಳಿಕೆ ಅದಕ್ಕಿಂತ ಕೆಳಗಿದೆಯೆಂದರು, ಇತರರದ್ದು ಇನ್ನೂ ಬಹಳ ಕೆಳಗಿದೆಯೆಂದು ಭಾವಿಸಿದರು. ಪಕ್ಕದ ಮೇಜಿನವರಿಗೆ ಇದರ ಬಗ್ಗೆ ಕಾಳಜಿಯಿಲ್ಲವೆಂದು ಪ್ರತಿಯೊಬ್ಬರೂ ಊಹಿಸುವುದರಿಂದಲೇ ಎಷ್ಟೋ ಲ್ಯಾಬುಗಳಲ್ಲಿ ಎಲ್ಲರೂ ಸುಮ್ಮನಿರುತ್ತಾರೆ.

ಈ ಇಡೀ ಕ್ರಮವನ್ನು ವರ್ಷಕ್ಕೊಮ್ಮೆ, ಮತ್ತು ಹುದ್ದೆ ಬದಲಿಸುವ ಮೂರು ತಿಂಗಳು ಮುಂಚೆ ಮಾಡಿ. ಹಳೆಯ ಹಾಳೆಯನ್ನು ತಿದ್ದಬೇಡಿ. ದಿನಾಂಕ ಹಾಕಿ ಹೊಸದನ್ನು ಬರೆದು ಎರಡನ್ನೂ ಪಕ್ಕಪಕ್ಕ ಇಡಿ. ಪ್ರೇರಣೆಗಳ ಕ್ರಮ ವರ್ಷಗಳಲ್ಲಿ ಬದಲಾಗುವುದು ಸಹಜ. ಆದರೆ ಎರಡು ವರ್ಷ ಒಂದೇ ಕಡೆ ಕೆಲಸವೂ ಹಾಳೆಯೂ ಹೊಂದದಿದ್ದರೆ ಬದಲಿಸಬೇಕಾದದ್ದು ಕೆಲಸವನ್ನು. ಮೊದಲು ವಾರಕ್ಕೆ ಐದು ಗಂಟೆಯನ್ನು ಹೊಂದದ ಕೆಲಸದಿಂದ ಹೊಂದುವ ಕೆಲಸಕ್ಕೆ ಒಂದು ಸೆಮಿಸ್ಟರ್ ಮಟ್ಟಿಗೆ ಸರಿಸಿ, ಮತ್ತೆ ಹತ್ತು ದಿನದ ದಿನಚರಿ ಬರೆಯಿರಿ. ಅಂಕಗಳು ಕದಲದಿದ್ದರೆ ಆಗ ಪ್ರಾಜೆಕ್ಟ್, ಗೈಡ್ ಅಥವಾ ಸಂಸ್ಥೆಯ ಬಗ್ಗೆ ಯೋಚಿಸುವ ಹೊತ್ತು ಬಂದಿದೆ.